75 ಅಂದರೆ 25 ರಜೆ ಅಲ್ಲ: ಕಾಲೇಜಿನ ಹಾಜರಿ ಲೆಕ್ಕ ನಡೆಯುವ ಬಗೆ

ಕಾಲೇಜಿಗೆ ಸೇರಿದ ಮೊದಲ ವಾರದಲ್ಲೇ ಹುಡುಗರು ಕಲಿಯುವ ಒಂದು ಗಣಿತವಿದೆ. 75 ಪರ್ಸೆಂಟ್ ಅಟೆಂಡೆನ್ಸ್ ಬೇಕು, ಹಾಗಾದರೆ 25 ಪರ್ಸೆಂಟ್ ಬಂಕ್ ಹೊಡೆಯಬಹುದು. ಸೀನಿಯರ್‌ಗಳು ಹೇಳಿಕೊಡುತ್ತಾರೆ, ಜೂನಿಯರ್‌ಗಳು ನಂಬುತ್ತಾರೆ, ಮನೆಯಲ್ಲಿ ಅಪ್ಪ ಅಮ್ಮನೂ ಹೆಚ್ಚುಕಮ್ಮಿ ಹಾಗೇ ಅಂದುಕೊಂಡಿರುತ್ತಾರೆ. ನಾನು ಮುಂಬಯಿ ಉಪನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುವವನು. ಹಾಜರಿ ಸಮಿತಿಯಲ್ಲೂ ಕೂತಿದ್ದೇನೆ. ಸೆಮಿಸ್ಟರ್ ಕೊನೆಯಲ್ಲಿ ನಮ್ಮ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಲ್ಲುವ ಹುಡುಗರಲ್ಲಿ ಸೋಮಾರಿಗಳು ಕಡಿಮೆ, ಈ ಗಣಿತ ನಂಬಿ ಕೆಟ್ಟವರು ಜಾಸ್ತಿ.

ಯಾಕೆಂದರೆ ಆ 25ರ ಒಳಗೆ ನಿಮ್ಮ ಜ್ವರವೂ ಇದೆ. ಅಕ್ಕನ ಮದುವೆ, ಅಜ್ಜಿಯ ಉತ್ತರಕ್ರಿಯೆ, ಸೆಂಟ್ರಲ್ ಲೈನಿನ ಲೋಕಲ್ ರೈಲು ನಿಂತುಹೋದ ಸೋಮವಾರ, ಪಾಸ್‌ಪೋರ್ಟ್ ಆಫೀಸಿನ ಅಪಾಯಿಂಟ್‌ಮೆಂಟ್, ಎಲ್ಲವೂ ಅದರೊಳಗೇ ಮುಗಿಯಬೇಕು. ನೂರು ಕೇಳದೆ 75 ಕೇಳಿರುವುದು ಅದಕ್ಕೇ. ಜುಲೈ, ಆಗಸ್ಟಿನಲ್ಲಿ ಸುಮ್ನೆ ಕ್ಯಾಂಟೀನಿನಲ್ಲಿ ಕೂತು ಅದನ್ನು ಖರ್ಚು ಮಾಡಿದವನಿಗೆ ಸೆಪ್ಟೆಂಬರಿನಲ್ಲಿ ಡೆಂಗ್ಯೂ ಬಂತು ಅಂದುಕೊಳ್ಳಿ. ಸಮಿತಿ ಅವನ ಡೆಂಗ್ಯೂ ಒಂದನ್ನೇ ನೋಡುವುದಿಲ್ಲ. ಜುಲೈ ತಿಂಗಳ ಹಾಳೆಯನ್ನೂ ತೆಗೆದು ನೋಡುತ್ತದೆ.

ನಿಯಮದಲ್ಲಿ ಇರುವುದು ಎರಡು ಅಂಕಿ

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಹಾಜರಿಯ ನಿಯಮ ಇರುವುದು ಆರ್ಡಿನೆನ್ಸ್ 6086ರಲ್ಲಿ. ಎಲ್ಲರ ಬಾಯಲ್ಲೂ ಇರುವುದು 75. ಅದು ಸರಾಸರಿ: ಆ ಸೆಮಿಸ್ಟರಿನ ಲೆಕ್ಚರ್, ಪ್ರಾಕ್ಟಿಕಲ್, ಟ್ಯುಟೋರಿಯಲ್ ಎಲ್ಲ ಸೇರಿಸಿ ತೆಗೆಯುವುದು. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಓದುವುದಿಲ್ಲ. ಪ್ರತಿಯೊಂದು ವಿಷಯದಲ್ಲೂ ಕನಿಷ್ಠ 50 ಪರ್ಸೆಂಟ್ ಇರಬೇಕು.

ಇದು ಯಾರಿಗೆ ಕಚ್ಚುತ್ತದೆ ಗೊತ್ತಾ? ಒಳ್ಳೆಯ ಹುಡುಗರಿಗೆ. ಅಕೌಂಟ್ಸ್, ಎಕನಾಮಿಕ್ಸ್ ತಪ್ಪಿಸುವುದಿಲ್ಲ. ಆದರೆ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಇಟ್ಟಿರುವ ಎರಡು ಕ್ರೆಡಿಟ್ಟಿನ ಪೇಪರಿಗೆ ವಸಾಯಿಯಿಂದಲೋ ಡೊಂಬಿವಲಿಯಿಂದಲೋ ಎದ್ದು ಬರುವುದು ಬೇಜಾರು. ಥಿಯರಿಯಲ್ಲಿ ಒಂದು ಕ್ರೆಡಿಟ್ಟಿಗೆ 15 ಗಂಟೆ ಪಾಠ. ಎರಡು ಕ್ರೆಡಿಟ್ ಅಂದರೆ 30. ಅದರಲ್ಲಿ 14ಕ್ಕೆ ಕೂತಿದ್ದರೆ ಶೇಕಡಾ 46 ಚಿಲ್ಲರೆ. ಉಳಿದ ವಿಷಯಗಳೆಲ್ಲ ಸೇರಿ ಸರಾಸರಿ 82 ಬಂದಿದ್ದರೂ ಹಾಜರಿ ಕಡಿಮೆಯಾದವರ ಪಟ್ಟಿಯಲ್ಲಿ ಹೆಸರು ಬರುತ್ತದೆ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಇಂಥ ಸಣ್ಣ ಪೇಪರುಗಳು ಜಾಸ್ತಿಯಾಗಿವೆ, ಹಾಗಾಗಿ ಈ ಎರಡನೇ ಅಂಕಿಗೆ ಸಿಕ್ಕಿಬೀಳುವವರೂ ಜಾಸ್ತಿ.

ಸ್ವಾಯತ್ತ ಕಾಲೇಜುಗಳಲ್ಲಿ ಇನ್ನೂ ಬಿಗಿ ಇರಬಹುದು. ಕೆಲವು ಕಡೆ ಪ್ರತಿ ವಿಷಯಕ್ಕೇ 75 ಕೇಳುತ್ತಾರೆ. ಪ್ರಾಸ್ಪೆಕ್ಟಸ್ಸಿನಲ್ಲಿ ಬರೆದಿರುತ್ತದೆ, ಅಡ್ಮಿಶನ್ ದಿನ ಮಕ್ಕಳೂ ಅಪ್ಪಂದಿರೂ ಅದಕ್ಕೆ ಸಹಿ ಹಾಕಿಯೂ ಇರುತ್ತಾರೆ. ಪುಣೆ, ಗೋವಾ ಕಡೆ ಓದುವವರು ತಮ್ಮ ವಿಶ್ವವಿದ್ಯಾಲಯದ ಆರ್ಡಿನೆನ್ಸನ್ನೇ ನೋಡಬೇಕು, ಮುಂಬಯಿಯ ಕಸಿನ್ ಹೇಳಿದ್ದನ್ನು ಕೇಳಿಕೊಂಡು ಕೂರಬಾರದು.

ಲೆಕ್ಕ ಎಲ್ಲಿ ತಪ್ಪುತ್ತದೆ

ಶೇಕಡಾವಾರು ತೆಗೆಯುವುದು ನಡೆದ ಲೆಕ್ಚರುಗಳ ಮೇಲೆ. ಟೈಮ್ ಟೇಬಲಿನಲ್ಲಿ ಇದ್ದದ್ದರ ಮೇಲೆ ಅಲ್ಲ. ಸಣ್ಣ ಮಾತು ಅನಿಸುತ್ತದೆ, ಆದರೆ ಬಂಕಿನ ಲೆಕ್ಕ ಇಟ್ಟುಕೊಂಡು ಓಡಾಡುವ ಜಾಣರು ಬೀಳುವುದು ಇಲ್ಲೇ.

ನಾಲ್ಕು ಕ್ರೆಡಿಟ್ಟಿನ ಪೇಪರು, 60 ಲೆಕ್ಚರ್. ಜಾಣ ಹುಡುಗಿ ಲೆಕ್ಕ ಹಾಕುತ್ತಾಳೆ: 45ಕ್ಕೆ ಕೂತರೆ ಸಾಕು, 15 ಬಿಡಬಹುದು. ಹದಿನೈದೂ ಬಿಡುತ್ತಾಳೆ. ಆಮೇಲೆ ಪ್ರೊಫೆಸರಿಗೆ ಇಲೆಕ್ಷನ್ ಡ್ಯೂಟಿ ಬರುತ್ತದೆ, ಎರಡು ದಿನ ಮಳೆಗೆ ಕಾಲೇಜೇ ಮುಚ್ಚುತ್ತದೆ, ಫೆಸ್ಟಿವಲ್ ಅಂತ ಒಂದೆರಡು ಹೋಗುತ್ತವೆ. ಕೊನೆಗೆ ನಡೆದದ್ದು 52. ಅವಳು ಕೂತದ್ದು 37. ಅಂದರೆ ಶೇಕಡಾ 71. ಲೆಕ್ಚರ್ ಕ್ಯಾನ್ಸಲ್ ಆದಾಗೆಲ್ಲ ಖುಷಿಪಟ್ಟಿದ್ದಳು. ಪ್ರತಿ ಸಲವೂ ಅವಳ ಕೋಟಾ ಅಷ್ಟಷ್ಟು ಸವೆಯುತ್ತಿತ್ತು.

ಇನ್ನೊಂದು, ಹಿಂದೆ ಬಿದ್ದ ಮೇಲೆ ಏರುವ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 20 ಲೆಕ್ಚರ್ ಆಗಿವೆ, ನೀವು 12ಕ್ಕೆ ಕೂತಿದ್ದೀರಿ. ಶೇಕಡಾ 60. ಇನ್ನು ಮುಂದೆ ಒಂದನ್ನೂ ಬಿಡದೆ 12 ಲೆಕ್ಚರಿಗೆ ಕೂತರೆ 32ಕ್ಕೆ 24, ಸರಿಯಾಗಿ 75. ಕಷ್ಟವೇನಲ್ಲ. ಈಗ ಅದೇ ಶೇಕಡಾ 60, ಆದರೆ 40 ಲೆಕ್ಚರ್ ಆದ ಮೇಲೆ. ಕೂತದ್ದು 24. ಈಗ 75 ಮುಟ್ಟಬೇಕಾದರೆ ಸಾಲಾಗಿ 24 ಕೂರಬೇಕು. ಆದರೆ ಪೇಪರಿನಲ್ಲಿ ಉಳಿದಿರುವುದೇ 20! ಇಪ್ಪತ್ತಕ್ಕೂ ಕೂತರೂ 60ಕ್ಕೆ 44, ಅಂದರೆ 73 ಚಿಲ್ಲರೆ. ದೀಪಾವಳಿಗೆ ಮುಂಚೆ "ಇನ್ಮೇಲೆ ಒಂದೂ ಬಿಡಲ್ಲ ಸರ್" ಅಂತ ಬಂದು ಮಾತು ಕೊಡುವ ಹುಡುಗನ ಮಾತು ನಿಜವೇ ಇರಬಹುದು, ಲೆಕ್ಕದಲ್ಲಿ ಅವನು ಆಗಲೇ ಹೊರಗೆ ಬಿದ್ದಿರುತ್ತಾನೆ.

ಸೂತ್ರ ಬೇಕಾದವರಿಗೆ: ನಡೆದ ಲೆಕ್ಚರುಗಳನ್ನು ಮೂರರಿಂದ ಗುಣಿಸಿ, ಕೂತ ಲೆಕ್ಚರುಗಳನ್ನು ನಾಲ್ಕರಿಂದ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬರುವ ಅಂಕಿಯಷ್ಟು ಲೆಕ್ಚರಿಗೆ ಒಂದೂ ತಪ್ಪದೆ ಕೂರಬೇಕು. ಸೊನ್ನೆಯೋ ಮೈನಸ್ಸೋ ಬಂದರೆ ನೀವು ಕ್ಷೇಮ. ತಪ್ಪಿಸಿದ ಒಂದೊಂದು ಲೆಕ್ಚರಿಗೂ ಮೂರು ಕೂತು ತೀರಿಸಬೇಕು ಅನ್ನುವುದು ಇದರ ಸಾರ. ಮುಂಬಯಿಯ ಬಡ್ಡಿ ವ್ಯಾಪಾರಿಗಳೂ ಇಷ್ಟು ಕೇಳುವುದಿಲ್ಲ.

ಪ್ರಾಕ್ಟಿಕಲ್ ಇರುವವರು ಇನ್ನೊಂದನ್ನು ಕೇಳಿ ತಿಳಿದುಕೊಳ್ಳಬೇಕು. ಎರಡು ಮೂರು ಗಂಟೆಯ ಪ್ರಾಕ್ಟಿಕಲನ್ನು ಕಾಲೇಜು ಒಂದು ಅಂತ ಹಿಡಿಯುತ್ತದೋ, ಅಷ್ಟೂ ಪೀರಿಯಡ್ ಅಂತ ಹಿಡಿಯುತ್ತದೋ? ಪೀರಿಯಡ್ ಲೆಕ್ಕವಾದರೆ ಒಂದು ಮಧ್ಯಾಹ್ನ ತಪ್ಪಿದರೂ ಪೆಟ್ಟು ಜೋರಾಗಿಯೇ ಬೀಳುತ್ತದೆ. ಇಂಜಿನಿಯರಿಂಗಿನಲ್ಲಿ ಟರ್ಮ್ ವರ್ಕಿನ, ಅಂದರೆ ಸೆಮಿಸ್ಟರ್ ಉದ್ದಕ್ಕೂ ಮಾಡುವ ಕೆಲಸದ, 25 ಮಾರ್ಕಿನಲ್ಲಿ 5 ಹಾಜರಿಗೇ ಇಟ್ಟಿರುವ ಪದ್ಧತಿ ಬಹಳ ಕಾಲದಿಂದ ಇದೆ. ಅಲ್ಲಿ ಹಾಜರಿ ಕಡಿಮೆಯಾಗಿ ಡಿಫಾಲ್ಟರ್ ಆದವರಿಗೆ ಹೆಚ್ಚುವರಿ ಅಸೈನ್‌ಮೆಂಟ್ ಬರೆಸುವುದೂ ಉಂಟು. ಕೈ ನೋಯುವ ತನಕ ಬರೆಯುತ್ತಾರೆ, ಯಾರೂ ಓದುವುದಿಲ್ಲ, ಓದುವವರಿಗೂ ಅದು ಶಿಕ್ಷೆಯೇ.

ಮೂರು ಬಗೆಯ ಗೈರುಹಾಜರಿ

ಕಾಲೇಜಿಗೆ ಬಾರದ ದಿನಗಳೆಲ್ಲ ರಿಜಿಸ್ಟರಿನಲ್ಲಿ ಒಂದೇ ಥರ ಕಾಣುತ್ತವೆ. ನಿಯಮ ಮಾತ್ರ ಅವನ್ನು ಮೂರಾಗಿ ನೋಡುತ್ತದೆ.

ಮೊದಲನೆಯದು, ಬಾರದಿದ್ದರೂ ಬಂದಂತೆ ಹಿಡಿಯುವ ದಿನ. ಕಾಲೇಜೇ ಕರೆದುಕೊಂಡು ಹೋದ ಸ್ಟಡಿ ಟೂರ್, ಫೀಲ್ಡ್ ವಿಸಿಟ್. ಪ್ರಿನ್ಸಿಪಾಲರ ಅನುಮತಿ ಪಡೆದು ಕಾಲೇಜನ್ನೋ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿ ಹೋದ ಕ್ರೀಡಾಕೂಟ, ಎನ್‌ಸಿಸಿ ಕ್ಯಾಂಪ್, ಯುವಜನೋತ್ಸವದ ಸ್ಪರ್ಧೆ. ಆ ದಿನ ಎಷ್ಟು ಪೀರಿಯಡ್ ನಡೆದವೋ ಅಷ್ಟೂ ಹಾಜರಿ ನಿಮ್ಮ ಖಾತೆಗೆ ಸೇರುತ್ತದೆ. ಆದರೆ ತಾನಾಗಿ ಸೇರುವುದಿಲ್ಲ. ಸಂಬಂಧಪಟ್ಟ ಪ್ರೊಫೆಸರ್ ಸಹಿ ಮಾಡಿದ ಚೀಟಿ ಆಫೀಸಿಗೆ ಹೋಗಬೇಕು. ಮಾಟುಂಗಾದಲ್ಲೋ ಕುರ್ಲಾದಲ್ಲೋ ನಮ್ಮ ಕನ್ನಡ ಸಂಘದವರು ನಡೆಸಿದ ನಾಟಕ ಸ್ಪರ್ಧೆ, ಯಕ್ಷಗಾನ ತರಬೇತಿ ಇದರಲ್ಲಿ ಬರುವುದಿಲ್ಲ, ಎಷ್ಟೇ ದೊಡ್ಡ ಬಹುಮಾನ ಬಂದರೂ. ಕಾಲೇಜು ಕಳಿಸಿದ್ದಲ್ಲ, ನೀವೇ ಹೋದದ್ದು. ಇದನ್ನು ಹೇಳಿದಾಗ ಬೇಜಾರು ಮಾಡಿಕೊಂಡವರು ಎಷ್ಟೋ ಜನ.

ಎರಡನೆಯದು, ಮನ್ನಿಸಬಹುದಾದ ದಿನ. ಕಾಯಿಲೆ, ಮನೆಯಲ್ಲಿ ಅಪ್ಪ ಅಮ್ಮನ ಗಂಭೀರ ಕಾಯಿಲೆ, ನೈಸರ್ಗಿಕ ವಿಕೋಪ, ಇಂಥವು. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಆ ದಿನಗಳಿಗೆ ಹಾಜರಿ ಸಿಗುತ್ತದೆ ಅಂತ ಅಂದುಕೊಳ್ಳುತ್ತಾರೆ. ಸಿಗುವುದಿಲ್ಲ. ನಿಮ್ಮ ಶೇಕಡಾ 62 ಹಾಗೇ 62 ಆಗಿ ಉಳಿಯುತ್ತದೆ. 75ಕ್ಕೆ ಕಡಿಮೆ ಬಿದ್ದ ಆ 13ನ್ನು ಮನ್ನಿಸಬೇಕೋ ಬೇಡವೋ ಅಂತ ಸಮಿತಿ ಯೋಚಿಸುತ್ತದೆ, ಅಷ್ಟೇ. ಕನಿಷ್ಠ ಮೂವರು ಅಧ್ಯಾಪಕರ ಸಮಿತಿ ಅದು. ಪ್ರತಿಯೊಬ್ಬರ ವಿಷಯವನ್ನು ಬೇರೆ ಬೇರೆಯಾಗಿ ಕೇಳಿ, ಶಿಫಾರಸು ಮಾಡುತ್ತದೆ. ಅದರ ಮೇಲೆ ಪ್ರಿನ್ಸಿಪಾಲರು ಇನ್ನೂ 25 ಪರ್ಸೆಂಟ್ ತನಕ ಮನ್ನಿಸಬಹುದು. "ಮನ್ನಿಸಬಹುದು", ಮನ್ನಿಸಲೇಬೇಕು ಅಂತಿಲ್ಲ.

ಮೂರನೆಯದು ಬರೀ ಗೈರು. ಅದಕ್ಕೆ ಕಾರಣ ಇಲ್ಲ ಅಂತಲ್ಲ. ಕಾರಣ ಇದ್ದೂ ಹೇಳದೆ ಹೋದದ್ದು ಕೂಡ ಇಲ್ಲಿಗೇ ಬಂದು ಬೀಳುತ್ತದೆ.

ಒಂದು ಸಲ ಒಬ್ಬ ಹುಡುಗನ ತಂದೆ ಫೈಲ್ ಹಿಡಿದು ಬಂದರು. ಕುಂದಾಪುರ ಕಡೆಯವರು, ಮುಲುಂಡಿನಲ್ಲಿ ಹೋಟೆಲು. "ಎಂತ ಸರ್ ಇದು, ಸರ್ಟಿಫಿಕೇಟ್ ಕೊಟ್ಟಾಯ್ತಲ್ಲ, ಇನ್ನೆಂತ ಬೇಕು?" ಅಂದರು. ಫೈಲಿನಲ್ಲಿ ಮೂರು ಸರ್ಟಿಫಿಕೇಟ್. ಮೂರೂ ಬೇರೆ ಬೇರೆ ತಿಂಗಳ ಕಾಯಿಲೆಗೆ. ಮೂರರಲ್ಲೂ ಅದೇ ನೀಲಿ ಪೆನ್ನು, ಅದೇ ಕೈಬರಹ, ಕೆಳಗೆ ಒಂದೇ ತಾರೀಖು, ಅದೂ ಹಿಂದಿನ ದಿನದ್ದು. ನಮ್ಮ ಸಮಿತಿಯ ಮರಾಠಿ ಮೇಡಂ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಹುಡುಗ ತಲೆ ಎತ್ತಲಿಲ್ಲ. ಆಗಸ್ಟಿನಲ್ಲಿ ಅವನಿಗೆ ಜ್ವರ ಬಂದದ್ದು ನಿಜವೇ. ಆಮೇಲೆ ಕ್ಲಾಸಿಗೆ ಬಂದಾಗ ಅವನ ಕಾಲರ್ ಕುತ್ತಿಗೆಯ ಸುತ್ತ ಸಡಿಲವಾಗಿ ಜೋತಾಡುತ್ತಿದ್ದುದನ್ನು ನಾನು ನೋಡಿದ್ದೆ. "ಬ್ಲಡ್ ಟೆಸ್ಟ್ ಮಾಡಿಸಿದ್ರಾ?" ಅಂತ ಕೇಳಿದೆ. ತಂದೆ ಫೋನ್ ತೆಗೆದು ವಾಟ್ಸಾಪಿನಲ್ಲಿ ಹಿಂದಕ್ಕೆ, ಹಿಂದಕ್ಕೆ ಹೋದರು. ತರಕಾರಿಯವನ ಬಿಲ್ಲು, ಗ್ಯಾಸಿನವನ ಮೆಸೇಜು, ಊರಿನ ದೇವಸ್ಥಾನದ ಆಮಂತ್ರಣ, ಅದರ ಕೆಳಗೆ ಲ್ಯಾಬಿನವರು ಕಳಿಸಿದ ರಿಪೋರ್ಟ್. ಪ್ಲೇಟ್‌ಲೆಟ್ ಎಣಿಕೆ, ತಾರೀಖು, ಗಂಟೆ, ಎಲ್ಲ ಇತ್ತು. ಮೂರು ಸರ್ಟಿಫಿಕೇಟುಗಳಿಗೆ ಇಲ್ಲದ ಬೆಲೆ ಅದಕ್ಕೆ ಬಂತು. ಆಗಸ್ಟಿನ ದಿನಗಳನ್ನು ಸಮಿತಿ ಒಪ್ಪಿತು. ಉಳಿದೆರಡನ್ನು ಒಪ್ಪಲಿಲ್ಲ.

ಸಮಿತಿಯವರೇನೂ ಪೊಲೀಸರಲ್ಲ. ಆದರೆ ಸೆಮಿಸ್ಟರ್ ಕೊನೆಯಲ್ಲಿ ಬಂದ ಕಾಗದವನ್ನು ಯಾರೂ ಪೂರ್ತಿ ನಂಬುವುದಿಲ್ಲ. ಕಾಯಿಲೆಯಾದ ವಾರದಲ್ಲೇ ಕೊಟ್ಟ ಕಾಗದವನ್ನು ಯಾರೂ ಅಷ್ಟಾಗಿ ಅನುಮಾನಿಸುವುದಿಲ್ಲ. ಕಾಲೇಜಿಗೆ ವಾಪಸ್ ಬಂದ ಮೊದಲ ದಿನವೇ ಅರ್ಜಿ ಕೊಡಿ. ಡಾಕ್ಟರ ಚೀಟಿ, ಲ್ಯಾಬ್ ರಿಪೋರ್ಟ್, ಅಡ್ಮಿಟ್ ಆಗಿದ್ದರೆ ಡಿಸ್‌ಚಾರ್ಜ್ ಕಾರ್ಡ್ ಜೊತೆಗಿರಲಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಆ ಸೀಲಿಗೆ ಕೌಂಟರಿನವರು ಮುಖ ಗಂಟಿಕ್ಕಬಹುದು, ಗಂಟಿಕ್ಕಲಿ. ಕ್ಲಾಸ್ ಟೀಚರಿಗೆ ಕಾರಿಡಾರಿನಲ್ಲಿ ಬಾಯಲ್ಲಿ ಹೇಳಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಊರಿನ ಸಾವಿನ ವಿಷಯ ಬೇರೆಯಾಗಿಯೇ ಹೇಳಬೇಕು, ನಮ್ಮವರಿಗೆ ಇದು ಪದೇ ಪದೇ ಬರುತ್ತದೆ. ಅಜ್ಜ ತೀರಿಕೊಂಡರು, ಅದೇ ರಾತ್ರಿ ಬಸ್ಸು ಹತ್ತಿದರು, ಹದಿಮೂರನೇ ದಿನದ ಕಾರ್ಯ ಮುಗಿಸಿ ಬಂದರು. ಭಾನುವಾರಗಳನ್ನು ಬಿಟ್ಟರೂ ಹನ್ನೊಂದು ದಿನ. ಸೆಮಿಸ್ಟರಿಗೆ 22 ಕ್ರೆಡಿಟ್, ಎಲ್ಲ ಥಿಯರಿ ಅಂದುಕೊಂಡರೆ 330 ಲೆಕ್ಚರ್, ದಿನಕ್ಕೆ ಸುಮಾರು ನಾಲ್ಕು. ಹನ್ನೊಂದು ದಿನಕ್ಕೆ 44 ಹೋಯಿತು. ನಿಮಗೆ ಇದ್ದ ಅವಕಾಶವೇ 82. ಅರ್ಧಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಖಾಲಿ. ಆ ದುಃಖದಲ್ಲಿ ಯಾರಿಗೆ ಅರ್ಜಿಯ ನೆನಪಾಗುತ್ತದೆ? ಆದರೂ ಬಸ್ಸಿನಿಂದಲೇ ಕಾಲೇಜಿಗೆ ಒಂದು ಈಮೇಲ್ ಕಳಿಸಿಡುವುದು ಒಳ್ಳೆಯದು. ಬಂದ ಮೇಲೆ ಮರಣ ಪ್ರಮಾಣಪತ್ರದ ಪ್ರತಿ, ಟಿಕೆಟ್ ಜೊತೆಗಿಟ್ಟರೆ ಸಾಕು.

ಮದುವೆಗೆ ಮಾತ್ರ ಇಷ್ಟು ಕರುಣೆ ಸಿಗುವುದಿಲ್ಲ. ಗುರುವಾರ ಮಧ್ಯಾಹ್ನ ಕುರ್ಲಾದಿಂದ ಊರಿನ ಮತ್ಸ್ಯಗಂಧ ರೈಲು ಹತ್ತಿ, ಮದುವೆ, ಬೀಗರೂಟ, ಅಲ್ಲೇ ಪಕ್ಕದ ಊರಿನಲ್ಲಿ ಭೂತದ ಕೋಲ ಇದೆ ಅಂತ ಅದನ್ನೂ ನೋಡಿಕೊಂಡು, ಮರುವಾರ ಬುಧವಾರ ಕ್ಲಾಸಿಗೆ ಬಂದರೆ ಯಾವ ಸಮಿತಿಯೂ ಮನ್ನಿಸುವುದಿಲ್ಲ. ಅದು ನಿಮ್ಮ 25ರಿಂದಲೇ ಹೋಗಬೇಕು. ಹೋಗಬೇಡಿ ಅಂತ ನಾನು ಹೇಳಲಾರೆ. ಊರಿನ ಕೋಲ ಬಿಟ್ಟು ಕಾಲೇಜಿಗೆ ಬಾ ಅಂತ ನನ್ನ ಮಗಳಿಗೂ ಹೇಳಿದವನಲ್ಲ. ಅದಕ್ಕೆ ಉಳಿಸಿಟ್ಟುಕೊಂಡಿರಬೇಕು, ಅಷ್ಟೇ.

ಮಳೆ, ಲೋಕಲ್, ಮಾಸ್ ಬಂಕ್

ಮಳೆಯ ಲೆಕ್ಕ ಸುಲಭ. ಕಾಲೇಜು ರಜೆ ಸಾರಿದರೆ ಲೆಕ್ಚರ್ ನಡೆದಿಲ್ಲ, ಯಾರಿಗೂ ಗೈರು ಬೀಳುವುದಿಲ್ಲ. ಕಾಲೇಜು ತೆರೆದಿದ್ದು, ಸಾಯನ್ ಕುರ್ಲಾ ನಡುವೆ ಹಳಿ ಮೇಲೆ ನೀರು ನಿಂತು ನೀವು ಮಾತ್ರ ಬರಲಾಗದಿದ್ದರೆ ಕಾಗದದಲ್ಲಿ ನೀವು ಗೈರು. ಕಾಲೇಜಿನ ಪಕ್ಕದಲ್ಲೇ ಇರುವವನು ಹಾಜರು. ಅನ್ಯಾಯ ಅಲ್ವಾ? ಹೌದು. ಬಹಳಷ್ಟು ಪ್ರೊಫೆಸರುಗಳು ಅಂಥ ದಿನ ಹಾಜರಿ ತೆಗೆಯುವುದಿಲ್ಲ, ಆದರೆ ಅದು ಅವರ ಒಳ್ಳೆಯತನ, ನಿಮ್ಮ ಹಕ್ಕಲ್ಲ. ಇಡೀ ಲೈನ್ ನಿಂತ ದಿನವಾದರೆ ಅದೇ ದಿನ ಕ್ಲಾಸ್ ಪ್ರತಿನಿಧಿಯ ಮೂಲಕ ಎಲ್ಲರೂ ಸೇರಿ ಒಂದು ಅರ್ಜಿ ಕೊಡಿ, ಕೆಲಸ ಮಾಡುತ್ತದೆ.

ಮಾಸ್ ಬಂಕ್ ಬಗ್ಗೆ ಒಂದು ತಪ್ಪು ನಂಬಿಕೆ: ಯಾರೂ ಬರದಿದ್ದರೆ ಲೆಕ್ಚರೇ ಆಗಿಲ್ಲ. ಪ್ರೊಫೆಸರ್ ಕ್ಲಾಸಿಗೆ ಬಂದು, ಖಾಲಿ ಬೆಂಚು ನೋಡಿ, ರಿಜಿಸ್ಟರಿನಲ್ಲಿ ಎಲ್ಲರಿಗೂ ಗೈರು ಬರೆದು ಹೋದರೆ ಲೆಕ್ಚರ್ ನಡೆದ ಹಾಗೇ. ಕೆಲವರು ಹಾಗೆ ಬರೆದು, ಆ ದಿನದ ಪಾಠ ಮುಗಿಯಿತು ಅಂತಲೂ ಸೇರಿಸುತ್ತಾರೆ.

ಪ್ರಾಕ್ಸಿ, ಅಂದರೆ ಬಾರದವನ ಹಾಜರಿಯನ್ನು ಗೆಳೆಯ ಹಾಕಿಸುವುದು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗ ಕ್ಯೂಆರ್ ಕೋಡ್, ಆ್ಯಪ್ ಅಂತ ಬಂದ ಮೇಲೆ ಸ್ಕ್ರೀನ್‌ಶಾಟ್ ಕಳಿಸುವ ಹೊಸ ಪ್ರಾಕ್ಸಿ ಶುರುವಾಗಿದೆ. ಸಿಕ್ಕಿಬಿದ್ದರೆ ಶಿಸ್ತು ಕ್ರಮ ಇಬ್ಬರ ಮೇಲೂ ಬರುತ್ತದೆ. ಸಹಾಯ ಮಾಡಿದ ಗೆಳೆಯ ಪೂರ್ತಿ ಹಾಜರಿ ಇದ್ದವನಾಗಿರುತ್ತಾನೆ, ಅದೇ ಪಾಪ.

ಕೆಲಸ ಮಾಡುತ್ತಾ ಓದುವವರು

ಮುಂಬಯಿಯ ಕಾಮರ್ಸ್ ಕಾಲೇಜುಗಳಲ್ಲಿ ದೊಡ್ಡ ತಲೆನೋವು ಸಿಎ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವವರು ಆಫೀಸಿನಲ್ಲಿ ಮಾಡಬೇಕಾದ ತರಬೇತಿ. ಮೊದಲು ಮೂರು ವರ್ಷ ಇತ್ತು, ಹೊಸ ಯೋಜನೆಯಲ್ಲಿ ಎರಡು. ಹುಡುಗರು ಸಿಎ ಇಂಟರ್ ಪರೀಕ್ಷೆ ಪಾಸಾದ ಕೂಡಲೇ ಫೋರ್ಟಿನಲ್ಲೋ ಅಂಧೇರಿಯಲ್ಲೋ ಯಾವುದಾದರೂ ಸಿಎ ಆಫೀಸಿಗೆ ಸೇರುತ್ತಾರೆ. ಜೊತೆಗೆ ಬಿಕಾಂ ಮಾಡಬೇಕಾದರೆ ಸಿಎ ಸಂಸ್ಥೆಗೆ ಫಾರ್ಮ್ 112 ಕೊಡಬೇಕು. ಅದರಲ್ಲಿ ಕಾಲೇಜಿನ ಸಮಯ ಆಫೀಸಿನ ಸಮಯಕ್ಕೆ ಅಡ್ಡ ಬರುವುದಿಲ್ಲ ಅಂತ ಕಾಲೇಜಿನಿಂದಲೇ ಬರೆಸಿಕೊಳ್ಳಬೇಕು. ಬೆಳಗಿನ ಕಾಲೇಜುಗಳು ಕಾಮರ್ಸಿನವರಿಗೆ ಅಷ್ಟು ಇಷ್ಟವಾಗುವುದು ಇದಕ್ಕೇ. ಆದರೆ ಬಹಳ ಜನ ಆರ್ಟಿಕಲ್‌ಶಿಪ್ಪೇ ಒಂದು ವಿನಾಯಿತಿ ಅಂದುಕೊಂಡಿರುತ್ತಾರೆ. ಆಡಿಟ್ ಸೀಸನ್ನಿನಲ್ಲಿ ಒಂದೂವರೆ ತಿಂಗಳು ಮುಖ ತೋರಿಸದೆ, ಆಮೇಲೆ ಆಫೀಸಿನ ಸಿಎ ಸಾರ್ ಸಹಿ ಮಾಡಿದ ಲೆಟರ್‌ಹೆಡ್ ತರುತ್ತಾರೆ. ಹಾಜರಿ ನಿಯಮಕ್ಕೆ ಅದು ಕಾರಣವೇ ಅಲ್ಲ. ಪಾರ್ಟ್ ಟೈಮ್ ಕೆಲಸ, ಮನೆಯ ಹೋಟೆಲಿನ ಗಲ್ಲಾ, ಯಾವುದೂ ಅಲ್ಲ.

ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರು ನಮ್ಮದೇ. ಅವರಿಗೆ ಈ ನಿಯಮ ಕಲ್ಲಿನಂತೆ ಕಾಣುವುದು ಸಹಜ. ನಿಜವಾಗಿ ದುಡಿಯಲೇಬೇಕಾದವರಿಗೆ ದಾರಿ ಬೇರೆ ಇದೆ. ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರ 1971ರಿಂದ ನಡೆಯುತ್ತಿದೆ, ಕಲೀನಾದಲ್ಲೇ ಇದೆ. ಅಲ್ಲಿ ದಿನದ 75ರ ಕಾಟವಿಲ್ಲ. ಮಾನ್ಯತೆ ಪಡೆದ ದೂರಶಿಕ್ಷಣದ ಡಿಗ್ರಿ ಮಾಮೂಲಿ ಡಿಗ್ರಿಗೆ ಸಮ ಅಂತ 2022ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಸ್ಪಷ್ಟವಾಗಿ ಹೇಳಿದೆ. ಮನೆಯವರ ಮುಖ ನೋಡಿ ರೆಗ್ಯುಲರ್ ಕಾಲೇಜಿಗೆ ಸೇರಿ, ಹೋಗದೆ ಇದ್ದು, ವರ್ಷ ಕಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಬೇರೆ ಕೋರ್ಸುಗಳು, ಕೋರ್ಟುಗಳು

ವೃತ್ತಿಪರ ಕೋರ್ಸುಗಳಿಗೆ ಮೇಲಿನ ಮಂಡಳಿಗಳೇ ಅಂಕಿ ಗೊತ್ತು ಮಾಡಿವೆ, ಪ್ರಿನ್ಸಿಪಾಲರ ಕೈಯಲ್ಲಿ ಹೆಚ್ಚೇನಿಲ್ಲ. ಬಿ.ಫಾರ್ಮಾದಲ್ಲಿ ಥಿಯರಿ, ಪ್ರಾಕ್ಟಿಕಲ್ ಬೇರೆ ಬೇರೆಯಾಗಿ 80. ಎಂಬಿಬಿಎಸ್‌ನಲ್ಲಿ ಥಿಯರಿಗೆ 75, ಪ್ರಾಕ್ಟಿಕಲಿಗೆ 80. ನರ್ಸಿಂಗಿನಲ್ಲಿ 80, ಆದರೆ ಡಿಗ್ರಿ ಕೈಗೆ ಬರುವ ಮುಂಚೆ ಕ್ಲಿನಿಕಲ್ ಕೆಲಸ ನೂರಕ್ಕೆ ನೂರು ಮುಗಿಸಿರಬೇಕು. ಇಂಜೆಕ್ಷನ್ ಕೊಡುವವರ ವಿಷಯದಲ್ಲಿ ಇದಕ್ಕೆ ತಕರಾರು ಮಾಡುವವರು ಇರಲಾರರು.

ಕಾನೂನಿನ ವಿದ್ಯಾರ್ಥಿಗಳದ್ದು ಸದ್ಯಕ್ಕೆ ಬಿಸಿ ವಿಷಯ. ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ 70 ಬೇಕು. ವಿಶೇಷ ಕಾರಣವಿದ್ದು, ಆ ವಿಷಯದಲ್ಲಿ 65, ಒಟ್ಟಿನಲ್ಲಿ 70 ಇದ್ದರೆ ಪ್ರಿನ್ಸಿಪಾಲರು ಪರೀಕ್ಷೆಗೆ ಬಿಡಬಹುದು. 2016ರಲ್ಲಿ ದೆಹಲಿಯ ಒಬ್ಬ ಕಾನೂನು ವಿದ್ಯಾರ್ಥಿ ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಬಿಡಲಿಲ್ಲ ಅನ್ನುವ ಹಿನ್ನೆಲೆಯಲ್ಲಿ ಪ್ರಾಣ ಕಳೆದುಕೊಂಡ. ಆ ಪ್ರಕರಣ ವರ್ಷಗಟ್ಟಲೆ ನಡೆದು, 2025ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು: ಹಾಜರಿ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದು, ಬಾರ್ ಕೌನ್ಸಿಲ್ ತನ್ನ ನಿಯಮವನ್ನು ಮತ್ತೆ ಪರಿಶೀಲಿಸಬೇಕು. ಇದನ್ನು ಓದಿ ನಮ್ಮ ಬಿಕಾಂ ಹುಡುಗರು "ಕೋರ್ಟೇ ಹೇಳಿದೆ ಸರ್" ಅಂತ ಬಂದರು. ಹೇಳಿದ್ದು ಕಾನೂನು ಕೋರ್ಸಿನ ಬಗ್ಗೆ, ಅವರ ಬಗ್ಗೆ ಅಲ್ಲ. ಮಿಕ್ಕ ಕೋರ್ಸುಗಳಲ್ಲಿ ಕೋರ್ಟುಗಳು ಸಾಮಾನ್ಯವಾಗಿ ಕಾಲೇಜಿನ ತೀರ್ಮಾನದಲ್ಲಿ ಕೈ ಹಾಕಲು ಒಪ್ಪುವುದಿಲ್ಲ.

ಓದುವಾಗಲೇ ತಾಯಿಯಾಗುವ ವಿದ್ಯಾರ್ಥಿನಿಯರಿಗೆ ಹಾಜರಿಯಲ್ಲಿ ಸಡಿಲಿಕೆ ಕೊಡುವ ನಿಯಮ ಮಾಡಿ ಅಂತ 2021ರ ಡಿಸೆಂಬರಿನಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಮದುವೆಯಾದ ಮೇಲೆ ಎಂಎ ಓದುವ ಹೆಣ್ಣುಮಕ್ಕಳು ಇದನ್ನು ಹಿಡಿದು ಕೇಳಬಹುದು, ಕೇಳಬೇಕು. 2023ರಲ್ಲಿ ಕೇರಳ ಮುಟ್ಟಿನ ದಿನಗಳಿಗಾಗಿ ವಿದ್ಯಾರ್ಥಿನಿಯರಿಗೆ 75ರ ಬದಲು 73 ಸಾಕು ಅಂತ ಮಾಡಿತು. ಎರಡು ಪರ್ಸೆಂಟ್ ಏನು ಮಹಾ ಅನಿಸಬಹುದು. ಸಮಿತಿಯಲ್ಲಿ ಕೂತವರಿಗೆ ಗೊತ್ತು, 73ರಲ್ಲಿ ಸಿಕ್ಕಿಬಿದ್ದು ಕಾರಣ ಹೇಳಲು ನಾಚುವ ಹುಡುಗಿಯರು ಎಷ್ಟು ಅಂತ.

ನನ್ನ ತಕರಾರು ಇರುವುದು ನಿಯಮದ ಮೇಲಲ್ಲ, ಅದನ್ನು ನಡೆಸುವ ರೀತಿಯ ಮೇಲೆ. ಪ್ರತಿ ತಿಂಗಳ ಹಾಜರಿಯನ್ನು ಮುಂದಿನ ತಿಂಗಳ 10ರೊಳಗೆ ನೋಟೀಸ್ ಬೋರ್ಡಿಗೆ ಹಾಕಬೇಕು ಅಂತ ಆರ್ಡಿನೆನ್ಸೇ ಹೇಳುತ್ತದೆ. ಎಷ್ಟೋ ಕಾಲೇಜುಗಳು ಕೊನೆಗೆ ಒಂದೇ ಸಲ ಪಟ್ಟಿ ಹಾಕಿ ಹೆದರಿಸುತ್ತವೆ. ಆಮೇಲೆ ಅಪ್ಪ ಅಮ್ಮನ ಕೈಯಲ್ಲಿ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡುತ್ತವೆ. ಮರುವರ್ಷವೂ ಬಿಡುತ್ತವೆ. ಸೀನಿಯರ್‌ಗಳು "ಏನೂ ಆಗಲ್ಲ ಬಿಡು" ಅನ್ನುವುದು ಸುಳ್ಳಲ್ಲ, ಅವರಿಗೆ ಆಗಿರುವುದಿಲ್ಲ. ಮೂರನೇ ವರ್ಷ ಹೊಸ ಪ್ರಿನ್ಸಿಪಾಲರು ಬಂದು ನಿಯಮವನ್ನು ಅಕ್ಷರಕ್ಕೆ ಅಕ್ಷರ ಜಾರಿ ಮಾಡಿದಾಗ, ಪೆಟ್ಟು ತಿನ್ನುವುದು ಆ ಮಾತನ್ನು ನಂಬಿದ ಬ್ಯಾಚು.

ಪಟ್ಟಿಯಲ್ಲಿ ಹೆಸರು ಬಂದರೆ

ಮೊದಲು ಲೆಕ್ಕ ಸರಿಯಿದೆಯೇ ನೋಡಿ. ವಿಷಯವಾರು ಹಾಜರಿ ತೋರಿಸಿ ಅಂತ ಬರೆದು ಕೇಳಿ. ಡಿವಿಶನ್ ಬದಲಾದವರದ್ದು, ಆಪ್ಷನಲ್ ಪೇಪರ್ ತಡವಾಗಿ ಬದಲಿಸಿದವರದ್ದು, ರೋಲ್ ನಂಬರ್ ಬದಲಾದವರದ್ದು ತಪ್ಪಿರುವುದು ಮಾಮೂಲು. ಎನ್‌ಎಸ್‌ಎಸ್, ಸ್ಪೋರ್ಟ್ಸ್ ದಿನಗಳು ಸೇರಿವೆಯೇ ನೋಡಿ. ಇಷ್ಟರಲ್ಲೇ ಕೆಲವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಆಮೇಲೆ ಸಮಿತಿಯ ಮುಂದೆ ಬನ್ನಿ. ನಿಜವನ್ನು ಹೇಳಿ. ಹತ್ತು ದಿನದ ನಿಜವಾದ ಕಾಯಿಲೆಗೆ ಇಪ್ಪತ್ತು ದಿನದ ಸುಳ್ಳನ್ನು ಜೋಡಿಸಿದರೆ ಆ ಹತ್ತೂ ಹೋಗುತ್ತದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ, ಆದರೆ ಗಡುವು ಬಹಳ ಸಣ್ಣದು. ನೋಟೀಸ್ ಹಾಕಿದ ದಿನವೇ ಕೆಲಸ ಶುರು ಮಾಡಿ.

ಸ್ಕಾಲರ್‌ಶಿಪ್ ಪಡೆಯುವವರು ಇನ್ನೂ ಎಚ್ಚರವಾಗಿರಬೇಕು. ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪಿಗೂ 75 ಹಾಜರಿ ಷರತ್ತಾಗಿರುತ್ತದೆ. ಕಾಲೇಜು ಮನ್ನಿಸಿ ಪರೀಕ್ಷೆಗೆ ಬಿಟ್ಟಿತು ಅಂದ ಮಾತ್ರಕ್ಕೆ ಅದೂ ಬರುತ್ತದೆ ಅಂತ ನಂಬಿ ಕೂರಬೇಡಿ.

ಟರ್ಮ್ ಸಿಗಲೇ ಇಲ್ಲ, ಅಂದರೆ ಹಾಜರಿ ಸಾಲದೆ ಪರೀಕ್ಷೆಗೆ ಬಿಡಲೇ ಇಲ್ಲ ಅಂದರೆ? ಇಲ್ಲಿ ಫೇಲಾಗುವುದಕ್ಕೂ ಹಾಜರಿ ಇಲ್ಲದಿರುವುದಕ್ಕೂ ದೊಡ್ಡ ವ್ಯತ್ಯಾಸ. ಒಂದೆರಡು ಪೇಪರಿನಲ್ಲಿ ಫೇಲಾದವನಿಗೆ ಎಟಿಕೆಟಿ (ಅಲೋಡ್ ಟು ಕೀಪ್ ಟರ್ಮ್ಸ್) ಇದೆ. ಮುಂದಿನ ಸೆಮಿಸ್ಟರಿನಲ್ಲಿ ಕೂತು, ಹಳೆಯ ಪೇಪರು ಆಮೇಲೆ ಬರೆಯಬಹುದು. ಹಾಜರಿ ಇಲ್ಲದವನು ಪರೀಕ್ಷೆ ಹಾಲಿಗೇ ಹೋಗಲಾರ, ಆ ಸೆಮಿಸ್ಟರನ್ನು ಕೂತೇ ಮುಗಿಸಬೇಕು. ಮೂರನೇ ಸೆಮಿಸ್ಟರ್ ಮತ್ತೆ ಶುರುವಾಗುವುದು ಮುಂದಿನ ಜೂನ್ ಹೊತ್ತಿಗೆ, ಆದ್ದರಿಂದ ಕಳೆದದ್ದು ಆರು ತಿಂಗಳಾದರೂ ಹೋಗುವುದು ಒಂದು ವರ್ಷ. ಹಿಂದಿನ ಸೆಮಿಸ್ಟರುಗಳ ಕ್ರೆಡಿಟ್ ಮಾತ್ರ ಎಲ್ಲೂ ಹೋಗುವುದಿಲ್ಲ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ಅವು ಏಳು ವರ್ಷದ ತನಕ ಇರುತ್ತವೆ. ಬೇರೆ ಕಾಲೇಜಿಗೋ ದೂರಶಿಕ್ಷಣಕ್ಕೋ ಹೋಗುವುದಾದರೆ ಅವನ್ನು ಅಲ್ಲಿ ಒಪ್ಪುತ್ತಾರೆಯೇ ಅಂತ ಮೊದಲೇ ಬರಹದಲ್ಲಿ ಕೇಳಿ, ಆಮೇಲೆ ಲೀವಿಂಗ್ ಸರ್ಟಿಫಿಕೇಟ್ ತೆಗೆದುಕೊಳ್ಳಿ.